ಖಾಲಿ ಕೋಣೆಗೆ ನಮಸ್ಕಾರ ಹೇಳುತ್ತಿದ್ದ ಕಂಪ್ಯೂಟರ್

"ಎತ್ತುತ್ತೆ ಕಣೋ. ನಾಲ್ಕು ಸಲ ರಿಂಗ್ ಆಗುತ್ತೆ, ಟಕ್ ಅಂತ ಎತ್ತುತ್ತೆ. ಆಮೇಲೆ ಉಸಿರೇ ಇಲ್ಲ."

ಫೋನಿಗೆ ಉತ್ತರ ಕೊಡಬೇಕಿದ್ದ ನಮ್ಮ ಕಂಪ್ಯೂಟರಿನ ಬಗ್ಗೆ ಅಕ್ಕ ಫೋನಿನಲ್ಲಿ ಹೀಗೆ ಹೇಳಿದಾಗ ನನಗೆ ದೊಡ್ಡ ಚಿಂತೆಯೇನೂ ಆಗಲಿಲ್ಲ. ಶಬ್ದ ಬರುತ್ತಿಲ್ಲ ಅಂದರೆ ಸೌಂಡ್ ಡ್ರೈವರ್, ಅಂದರೆ ಸೌಂಡ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಕೆಟ್ಟಿದೆ, ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಆ ಅರ್ಧ ಗಂಟೆ ನಾಲ್ಕು ಸಂಜೆಗಳಾಯಿತು. ಅದರಲ್ಲಿ ಮೊದಲಿನ ಎರಡು ಸಂಜೆ ನಾನು ರಿಪೇರಿ ಮಾಡುತ್ತಿದ್ದದ್ದು ಕೆಟ್ಟೇ ಇಲ್ಲದ ವಸ್ತುವನ್ನು.

ಇದು ವಿಂಡೋಸ್ ಎಕ್ಸ್‌ಪಿ ಕಾಲದ ಮಾತು. ಅಕ್ಕ, ನಾನು ಸೇರಿ ಸಣ್ಣದಾಗಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟವಿನ್ಯಾಸದ ಕೆಲಸ ಮಾಡುತ್ತಿದ್ದೆವು. ಇಬ್ಬರೂ ಇಲ್ಲದಾಗ ಬರುವ ಕರೆಗಳಿಗೆ ಕಂಪ್ಯೂಟರೇ ಉತ್ತರ ಕೊಡುವ ಏರ್ಪಾಡಿತ್ತು. ಒಂದು ಎಕ್ಸ್‌ಟರ್ನಲ್ ವಾಯ್ಸ್ ಮೋಡೆಮ್ (ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ, ಧ್ವನಿಯನ್ನೂ ಸಾಗಿಸಬಲ್ಲ ಪೆಟ್ಟಿಗೆ), ಒಂದು ಸಣ್ಣ ಆನ್ಸರಿಂಗ್ ಸಾಫ್ಟ್‌ವೇರ್, ಅಷ್ಟೇ. ನಾಲ್ಕು ರಿಂಗ್ ಆದ ಮೇಲೆ ಲೈನ್ ಎತ್ತಬೇಕು, ಅಕ್ಕನ ಧ್ವನಿಯಲ್ಲಿ ರೆಕಾರ್ಡ್ ಮಾಡಿಟ್ಟ ಸ್ವಾಗತದ ಮಾತು ಕೇಳಿಸಬೇಕು, ಬೀಪ್ ಹೊಡೆಯಬೇಕು, ಕರೆ ಮಾಡಿದವರು ಹೇಳಿದ್ದನ್ನು ವೇವ್ ಫೈಲಾಗಿ ಒಂದು ಫೋಲ್ಡರಿನಲ್ಲಿ ಹಾಕಿಡಬೇಕು. ಎರಡು ವರ್ಷ ಕಿರಿಕಿರಿಯಿಲ್ಲದೆ ನಡೆದಿತ್ತು. ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಟಕಟ ಅನ್ನತೊಡಗಿದಾಗ ಎಲ್ಲವನ್ನೂ ಇನ್ನೊಂದು ಎಕ್ಸ್‌ಪಿ ಮಷೀನಿಗೆ ವರ್ಗಾಯಿಸಿದೆ. ಮೋಡೆಮ್ ಅದೇ, ಸಾಫ್ಟ್‌ವೇರ್ ಅದೇ, ಫೋನ್ ಲೈನೂ ಅದೇ. ಬದಲಾದದ್ದು ಕಂಪ್ಯೂಟರ್ ಮಾತ್ರ. ಹಾಗಾಗಿ ತಪ್ಪು ಕಂಪ್ಯೂಟರಿನದೇ ಎಂದು ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟೆ.

ಮೊದಲು ಮೆಸೇಜ್ ಫೋಲ್ಡರ್ ತೆರೆದೆ. ಅಕ್ಕನ ಕರೆ ಅಲ್ಲಿ ದಾಖಲಾಗಿತ್ತು. 22 ಸೆಕೆಂಡಿನ ಫೈಲು, ಗಾತ್ರವೂ ಸರಿಯಾಗಿಯೇ ಇತ್ತು. ಸೆಕೆಂಡಿಗೆ 8000 ಸ್ಯಾಂಪಲ್, ಅಂದರೆ ಧ್ವನಿಯ ಅಳತೆಗಳು, ಒಂದೊಂದಕ್ಕೆ ಎರಡು ಬೈಟ್, ಅಂದರೆ ಸೆಕೆಂಡಿಗೆ 16,000 ಬೈಟ್. 22 ಸೆಕೆಂಡಿಗೆ ಸುಮಾರು ಮೂರೂವರೆ ಲಕ್ಷ ಬೈಟ್ ಇರಬೇಕು, ಇತ್ತು. ಆದರೆ ಒಳಗೆ ಏನೂ ಇಲ್ಲ. ಅಲೆಯ ಚಿತ್ರ ತೆರೆದು ನೋಡಿದರೆ ಸ್ಕೇಲ್ ಇಟ್ಟು ಎಳೆದಂಥ ಗೆರೆ. ಸಾಫ್ಟ್‌ವೇರ್ ನಿಯತ್ತಾಗಿ 22 ಸೆಕೆಂಡ್ ಮೌನವನ್ನು ರೆಕಾರ್ಡ್ ಮಾಡಿತ್ತು.

ಕಂಪ್ಯೂಟರಿಗೆ ಜೋಡಿಸಿದ್ದನ್ನೆಲ್ಲ ವಿಂಡೋಸ್ ಪಟ್ಟಿ ಮಾಡಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಒಂದು ಹಳದಿ ಪ್ರಶ್ನಾರ್ಥಕ ಚಿಹ್ನೆ ಕಾಣಿಸಿತು, ಡ್ರೈವರ್ ಸಿಕ್ಕಿಲ್ಲ ಅನ್ನುವ ಗುರುತು. ಪಕ್ಕದಲ್ಲಿ ಏನೋ ಉದ್ದದ ಹೆಸರು, ಕೊನೆಯಲ್ಲಿ "ಆಡಿಯೋ ಡಿವೈಸ್". ಸಿಕ್ಕಿಬಿತ್ತು ಕಳ್ಳ ಅಂತ ಖುಷಿಯಾಯಿತು. ಮದರ್‌ಬೋರ್ಡಿನ ಸಿಡಿ ಹುಡುಕಿ ಸೌಂಡ್ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದೆ. ಹಳದಿ ಚಿಹ್ನೆ ಅಲ್ಲೇ ಇತ್ತು. ಡ್ರೈವರ್ ಪೂರ್ತಿ ತೆಗೆದು ಮತ್ತೆ ಹಾಕಿದೆ. ಅಲ್ಲೇ ಇತ್ತು. ಇನ್ನೂ ಹೊಸ ಆವೃತ್ತಿ ಇಳಿಸಿಕೊಂಡು ಮೂರನೆಯ ಸಲ ಹಾಕಿದೆ. ಅದು ಅಲ್ಲಾಡಲಿಲ್ಲ. ತಮಾಷೆಯೆಂದರೆ ಇಷ್ಟರ ನಡುವೆ ಹೆಡ್‌ಫೋನ್ ಚುಚ್ಚಿ ಹಾಡು ಹಾಕಿದರೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಹಾಡು ಬರುತ್ತಿದೆ ಅಂದಮೇಲೆ ಸೌಂಡ್ ಕಾರ್ಡ್ ಸರಿಯಿದೆ ಅಂತ ಯಾರಾದರೂ ಯೋಚಿಸುತ್ತಾರೆ. ನಾನು "ಹಳದಿ ಚಿಹ್ನೆ ಹಳೆಯ ಕುರುಹು ಇರಬೇಕು, ವಿಂಡೋಸ್ ಅಳಿಸಲು ಮರೆತಿದೆ" ಎಂದು ಯೋಚಿಸಿದೆ.

ಆ ರಾತ್ರಿ ಆಮೇಲೆ ನಡೆಸಿದ್ದು ಡ್ರೈವರ್ ರಿಪೇರಿಯಲ್ಲ, ದಾಂಧಲೆ. ವಾಲ್ಯೂಮ್ ಕಂಟ್ರೋಲಿನಲ್ಲಿ ಇದ್ದಬದ್ದ ಮ್ಯೂಟ್ ಗುರುತನ್ನೆಲ್ಲ ತೆಗೆದೆ. ಹಾರ್ಡ್‌ವೇರ್ ಆಕ್ಸಿಲರೇಷನ್ ಅನ್ನುವ ಸ್ಲೈಡರನ್ನು ಎಡಕ್ಕೆ ಎಳೆದೆ. ಮೋಡೆಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪೋರ್ಟ್ ಸೆಟಿಂಗ್ಸ್‌ಗೆ ಹೋದರೆ ಅಲ್ಲೊಂದು ಫಿಫೋ ಬಫರ್ ಅನ್ನುವ ಟಿಕ್ ಇತ್ತು. ಸಂಪರ್ಕದ ತೊಂದರೆಯಿದ್ದರೆ ಸೆಟಿಂಗ್ ಕಡಿಮೆ ಮಾಡಿ ಅನ್ನುವ ಅರ್ಥದ ಒಂದು ಸಾಲು ಅದೇ ಕಿಟಕಿಯಲ್ಲಿತ್ತು. ತೊಂದರೆ ಇದೆಯಲ್ಲ! ಕಡಿಮೆ ಏಕೆ, ಪೂರ್ತಿಯೇ ಹೋಗಲಿ ಅಂತ ಟಿಕ್ ತೆಗೆದೆ. ಒಂದೇ ಸಂಜೆಯಲ್ಲಿ ಆರೇಳು ಕಡೆ ಕೈಹಾಕಿದೆ, ಒಂದನ್ನೂ ಬರೆದಿಟ್ಟುಕೊಳ್ಳಲಿಲ್ಲ. ಇದಕ್ಕೆ ದಂಡ ಕಟ್ಟುವ ದಿನ ಆಮೇಲೆ ಬಂತು.

ಎರಡನೆಯ ಸಂಜೆ ಇನ್ನೂ ಮಜವಾದದ್ದು. ಫೈಲುಗಳನ್ನು ಸರಿಯಾಗಿ ಕೇಳೋಣ ಅಂತ ಮೈಕ್ ಇರುವ ಹೆಡ್‌ಸೆಟ್ ತಂದು ಕಂಪ್ಯೂಟರಿಗೆ ಸಿಕ್ಕಿಸಿದೆ. ಅಕ್ಕನಿಗೆ ಹೇಳಿದೆ, "ಅಕ್ಕಾ, ಇನ್ನೊಂದು ಸಲ ಫೋನ್ ಮಾಡು." ಮಾಡಿದಳು. ನಾಲ್ಕು ರಿಂಗ್, ಎತ್ತಿತು, ಸ್ವಲ್ಪ ಹೊತ್ತಿನ ಮೇಲೆ ಇಟ್ಟಿತು. ಹೊಸ ಫೈಲು ತೆರೆದೆ. ಗೆರೆ ಈಗ ಚಪ್ಪಟೆಯಾಗಿರಲಿಲ್ಲ! ಅಲೆಗಳಿದ್ದವು, ನಡುವೆ ಮಾತಿನಂಥ ಗುಡ್ಡಗಳೂ ಇದ್ದವು. ಅರ್ಧ ಸೆಕೆಂಡ್ ಕೇಳಿ, ಏನೋ ಗುಸುಗುಸು ಬರುತ್ತಿದೆ ಅಂತ ಗೊತ್ತಾದ ಕೂಡಲೇ ನಿಲ್ಲಿಸಿ, "ಸರಿಹೋಯ್ತು ಅಕ್ಕಾ" ಅಂದುಬಿಟ್ಟೆ. ಸ್ವಾಗತದ ಮಾತು ಕೇಳಿಸಿತಾ ಎಂದು ಕೇಳುವ ತಾಳ್ಮೆಯೂ ನನಗಿರಲಿಲ್ಲ. ಅವಳೂ ಸುಸ್ತಾಗಿದ್ದಳು, ಹೂಂ ಅಂದು ಇಟ್ಟಳು.

ಮರುದಿನ ಮಧ್ಯಾಹ್ನ ಅಕ್ಕನ ಕರೆ. "ಏನು ಸರಿಹೋಯ್ತೋ? ಬೆಳಗ್ಗೆಯಿಂದ ಮೂರು ಜನ ನನ್ನ ಮೊಬೈಲಿಗೆ ಮಾಡಿದ್ರು. ನಿಮ್ಮ ಫೋನ್ ಎತ್ತಿ ಯಾರೂ ಮಾತಾಡಲ್ಲ ಅಂತ ಬೈದ್ರು."

ಆಗ ಆ ಫೈಲನ್ನು ಮೊದಲಿನಿಂದ ಕೊನೆಯ ತನಕ ಕೇಳಿದೆ. ಮೊದಲು ಫ್ಯಾನಿನ ಕಿರ್ ಕಿರ್. ಆಮೇಲೆ ಕುರ್ಚಿ ಎಳೆದ ಸದ್ದು. ಆಮೇಲೆ ಒಬ್ಬ ಗಂಡಸು ಹಲ್ಲು ಕಚ್ಚಿಕೊಂಡು, "ಮಾತಾಡು... ಮಾತಾಡು ಮಾರಾಯ... ಥತ್." ಆ ಗಂಡಸು ನಾನೇ. ಅಕ್ಕನ ಧ್ವನಿ ಎಲ್ಲೂ ಇಲ್ಲ. ಸಾಫ್ಟ್‌ವೇರ್ ಅಕ್ಕನ ಕರೆಯನ್ನು ಎತ್ತಿ, ನನ್ನ ಹೆಡ್‌ಸೆಟ್ಟಿನ ಮೈಕಿನಿಂದ ನನ್ನನ್ನೇ ರೆಕಾರ್ಡ್ ಮಾಡಿಕೊಂಡಿತ್ತು. ಹೆಡ್‌ಸೆಟ್ ಇಲ್ಲದ ದಿನ ಮೈಕೇ ಇರಲಿಲ್ಲ, ಅದಕ್ಕೇ ಆ ಸ್ಕೇಲ್ ಗೆರೆ.

ತಲೆಯೊಳಗೆ ಏನೋ ಸರಿದ ಹಾಗಾಯಿತು. ರೆಕಾರ್ಡಿಂಗ್ ತಪ್ಪು ಬಾಗಿಲಿನಿಂದ ಬರುತ್ತಿದೆ ಅಂದರೆ, ಸ್ವಾಗತದ ಮಾತೂ ತಪ್ಪು ಬಾಗಿಲಿನಿಂದಲೇ ಹೊರಗೆ ಹೋಗುತ್ತಿರಬೇಕು. ಹೆಡ್‌ಸೆಟ್ ಕಿತ್ತು, ಮೂಲೆಯಲ್ಲಿ ಧೂಳು ಹಿಡಿದಿದ್ದ ಜೋಡಿ ಸ್ಪೀಕರ್ ತಂದು ಜೋಡಿಸಿದೆ. ನನ್ನ ಮೊಬೈಲಿನಿಂದ ಕರೆ ಮಾಡಿ ಕಿವಿಗಿಟ್ಟುಕೊಂಡು ಕೋಣೆಯ ನಡುವೆ ನಿಂತೆ. ಒಂದು, ಎರಡು, ಮೂರು, ನಾಲ್ಕು. ಮೋಡೆಮಿನಲ್ಲಿ ಲೈನ್ ಎತ್ತುವ ಸ್ವಿಚ್, ಅಂದರೆ ರಿಲೇ, ಟಕ್ ಅಂದಿತು. ಕಿವಿಯಲ್ಲಿ ಮೌನ. ಮೇಜಿನ ಮೇಲಿನ ಸ್ಪೀಕರಿನಿಂದ ಅಕ್ಕ ತುಂಬ ವಿನಯದಿಂದ, "ನಮಸ್ಕಾರ. ಈಗ ನಾವು ಫೋನಿನ ಹತ್ತಿರ ಇಲ್ಲ..." ಎಂದು ಗೋಡೆಗೆ ಹೇಳತೊಡಗಿದಳು.

ಮೂರು ದಿನದಿಂದ ಕರೆ ಮಾಡಿದವರೆಲ್ಲ ಮೌನ ಕೇಳಿಸಿಕೊಂಡು ಫೋನ್ ಇಡುತ್ತಿದ್ದಾಗ, ನಮ್ಮ ಕಂಪ್ಯೂಟರ್ ಸ್ಪೀಕರೇ ಇಲ್ಲದ ಸಾಕೆಟ್ಟಿನ ಮೂಲಕ ಖಾಲಿ ಕೋಣೆಗೆ ನಮಸ್ಕಾರ ಹೇಳುತ್ತಿತ್ತು.

ಕಂಪ್ಯೂಟರ್ ಫೋನಿಗೆ ಉತ್ತರ ಕೊಡುವಾಗ ಸೌಂಡ್ ಕಾರ್ಡಿಗೆ ಅಲ್ಲಿ ಕೆಲಸವೇ ಇಲ್ಲ. ಇಷ್ಟು ಗೊತ್ತಿದ್ದಿದ್ದರೆ ಎರಡು ಸಂಜೆ ಉಳಿಯುತ್ತಿತ್ತು. ವಾಯ್ಸ್ ಮೋಡೆಮಿನ ಒಳಗೇ ಧ್ವನಿಯನ್ನು ಅಂಕಿಯಾಗಿ, ಅಂಕಿಯನ್ನು ಧ್ವನಿಯಾಗಿ ಮಾಡುವ ಚಿಪ್ ಇರುತ್ತದೆ. ಕಂಪ್ಯೂಟರ್ ಸೀರಿಯಲ್ ಕೇಬಲಿನಲ್ಲಿ ಬೈಟುಗಳನ್ನು ಕಳಿಸುತ್ತದೆ, ಮೋಡೆಮ್ ಅದನ್ನು ಧ್ವನಿ ಮಾಡಿ ಲೈನಿಗೆ ಬಿಡುತ್ತದೆ. ಆಚೆಯಿಂದ ಬರುವ ಮಾತೂ ಹೀಗೇ ಬೈಟುಗಳಾಗಿ ಹಿಂದಕ್ಕೆ. ಆದರೆ ಸಾಫ್ಟ್‌ವೇರ್ ಬರೆಯುವವರಿಗೆ ಅನುಕೂಲವಾಗಲೆಂದು ವಿಂಡೋಸ್ ಈ ಮೋಡೆಮನ್ನು ಇನ್ನೊಂದು ಸೌಂಡ್ ಕಾರ್ಡ್ ಎಂಬಂತೆ ತೋರಿಸುತ್ತದೆ. ಆ ವೇಷ ಹಾಕುವುದಕ್ಕೆ ಒಂದು ಪ್ರತ್ಯೇಕ ಡ್ರೈವರ್ ಬೇಕು. ಮೋಡೆಮಿಗೆ ಒಂದು ಡ್ರೈವರ್, ಮೋಡೆಮಿನ ಧ್ವನಿಗೆ ಇನ್ನೊಂದು. ಎರಡನೆಯದು ಇಲ್ಲದಿದ್ದರೆ ಲೈನ್ ಎತ್ತುವುದು, ಇಡುವುದು ಎಲ್ಲ ಸಲೀಸಾಗಿ ನಡೆಯುತ್ತದೆ, ಧ್ವನಿಗೆ ಮಾತ್ರ ದಾರಿ ಇರುವುದಿಲ್ಲ. ನಮ್ಮ ಸಾಫ್ಟ್‌ವೇರ್ ದಾರಿ ಕಾಣದೆ ವಿಂಡೋಸಿನ ಡೀಫಾಲ್ಟ್ ಸೌಂಡ್ ಕಾರ್ಡನ್ನು ಹಿಡಿದುಕೊಂಡಿತ್ತು, ಅದೂ ತುಟಿಪಿಟಕ್ಕೆನ್ನದೆ. ಒಂದು ಎರರ್ ತೋರಿಸಿದ್ದರೆ ಅದರ ಗಂಟೇನು ಹೋಗುತ್ತಿತ್ತೋ.

ಇಷ್ಟು ತಿಳಿದರೂ ಈಗ ನನಗೆ ನನ್ನ ಮೇಲೇ ನಂಬಿಕೆ ಹೋಗಿತ್ತು. ಮೋಡೆಮೇ ಕೆಟ್ಟಿದೆಯೋ ಏನೋ? ಡ್ರೈವರಿಗೆ ಮತ್ತೆ ಕೈಹಾಕುವ ಮೊದಲು ಅದನ್ನು ನೇರವಾಗಿ ವಿಚಾರಿಸೋಣ ಅನ್ನಿಸಿತು. ಕಂಟ್ರೋಲ್ ಪ್ಯಾನೆಲ್, ಫೋನ್ ಅಂಡ್ ಮೋಡೆಮ್ ಆಪ್ಷನ್ಸ್, ಪ್ರಾಪರ್ಟೀಸ್, ಡಯಾಗ್ನಾಸ್ಟಿಕ್ಸ್. ಅಲ್ಲಿ ಕ್ವೆರಿ ಮೋಡೆಮ್ ಅನ್ನುವ ಬಟನ್. ಒತ್ತಿದರೆ ಪೋರ್ಟ್ ಬೇರೆಯವರ ಕೈಯಲ್ಲಿದೆ ಎಂಬ ಅರ್ಥದ ಎರರ್. ಹೌದಲ್ಲ, ಆನ್ಸರಿಂಗ್ ಸಾಫ್ಟ್‌ವೇರ್ ಹಿಡಿದುಕೊಂಡು ಕೂತಿದೆ. ಅದನ್ನು ಪೂರ್ತಿ ಮುಚ್ಚಿ ಮತ್ತೆ ಒತ್ತಿದೆ. ಉತ್ತರಗಳ ಪಟ್ಟಿ ಬಂತು. ಅದರಲ್ಲಿ ನೋಡಬೇಕಾದ ಸಾಲು ಒಂದೇ: "ಎಟಿ+ಎಫ್‌ಕ್ಲಾಸ್=?" ಎಂಬ ಪ್ರಶ್ನೆಗೆ ಮೋಡೆಮ್ ಕೊಟ್ಟ ಉತ್ತರ. "0,1,8" ಅಂತ ಇತ್ತು. 0 ಎಂದರೆ ಡೇಟಾ, 1 ಎಂದರೆ ಫ್ಯಾಕ್ಸ್, 8 ಎಂದರೆ ಧ್ವನಿ. ಆ 8 ಇಲ್ಲದಿದ್ದರೆ ಯಾವ ಡ್ರೈವರ್ ಹಾಕಿದರೂ ಅದು ಮಾತಾಡುವ ಮೋಡೆಮ್ ಆಗುವುದಿಲ್ಲ. ನಮ್ಮದರಲ್ಲಿ ಇತ್ತು.

ಇನ್ನೂ ಸಮಾಧಾನವಾಗದೆ, ಮೋಡೆಮಿನ ಜತೆ ನೇರವಾಗಿ ಮಾತಾಡಲು ಎಕ್ಸ್‌ಪಿಯಲ್ಲಿದ್ದ ಹೈಪರ್‌ಟರ್ಮಿನಲ್ ತೆರೆದು ಕೈಯಾರೆ ಆಜ್ಞೆಗಳನ್ನು ಟೈಪ್ ಮಾಡಿದೆ. ಎಟಿ ಅಂದರೆ ಅಟೆನ್ಷನ್, ಇಲ್ಲಿ ನೋಡು ಅನ್ನುವ ಕರೆ. 1981ರಲ್ಲಿ ಹೇಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಜತೆ ಬಂದ ಈ ಭಾಷೆಯನ್ನೇ ಆಮೇಲಿನ ಮೋಡೆಮುಗಳೂ ಕಲಿತುಕೊಂಡವು. ಎಟಿ+ಎಫ್‌ಕ್ಲಾಸ್=8 ಅಂದೆ, ಓಕೆ ಅಂದಿತು. ಎಟಿ+ವಿಎಲ್‌ಎಸ್=1 ಅಂದೆ, ರಿಲೇ ಟಕ್ ಅಂದು ಲೈನ್ ಎತ್ತಿತು, ಓಕೆ ಅಂದಿತು. ಎಟಿ+ವಿಟಿಎಕ್ಸ್, ಅಂದರೆ ಈಗ ಧ್ವನಿ ಕಳಿಸುತ್ತೇನೆ, ಕೇಳಿಸಿಕೋ ಅಂದೆ. ಕನೆಕ್ಟ್ ಅಂದು ಬಾಯಿ ತೆರೆದುಕೊಂಡು ಕಾದು ಕೂತಿತು. ಪಾಪ, ಅದು ಎಷ್ಟು ಸಿದ್ಧವಾಗಿತ್ತು ಅಂದರೆ ನನಗೇ ನಾಚಿಕೆಯಾಯಿತು. ಕೀಬೋರ್ಡ್ ಮೇಲೆ ಸುಮ್ಮನೆ ಏನೇನೋ ಒತ್ತಿದರೆ ಅದನ್ನೇ ಧ್ವನಿ ಎಂದು ತಿಳಿದು ಲೈನಿಗೆ ಚಟಪಟ ಕಳಿಸಿತು. ಅದೇ ಲೈನಿಗೆ ಜೋಡಿಸಿದ್ದ ಪಕ್ಕದ ಪ್ಯಾರಲಲ್ ಫೋನ್ ಎತ್ತಿ ಆ ಚಟಪಟ ಕೇಳಿಸಿಕೊಂಡೆ. ಮೋಡೆಮಿನಿಂದ ಲೈನಿನವರೆಗಿನ ದಾರಿ ಸರಿಯಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆಮೇಲೆ ಅದೇ ಡಯಾಗ್ನಾಸ್ಟಿಕ್ಸ್ ಕಿಟಕಿಯಲ್ಲಿ ವ್ಯೂ ಲಾಗ್ ಒತ್ತಿದೆ. ವಿಂಡೋಸ್ ಮೋಡೆಮಿಗೆ ಏನೇನು ಹೇಳಿತು, ಅದು ಏನೇನು ಉತ್ತರ ಕೊಟ್ಟಿತು ಎಲ್ಲ ಒಂದು ಟೆಕ್ಸ್ಟ್ ಫೈಲಿನಲ್ಲಿ ಸಮಯದ ಸಮೇತ ಬಿದ್ದಿರುತ್ತದೆ. ಮಧ್ಯಾಹ್ನದ ಕರೆಗಳನ್ನು ಹುಡುಕಿದೆ. ರಿಂಗ್, ರಿಂಗ್, ರಿಂಗ್, ರಿಂಗ್. ವಾಯ್ಸ್ ಮೋಡ್. ಲೈನ್ ಎತ್ತು, ಓಕೆ. ಅಲ್ಲಿಂದ ಮುಂದೆ ಹಲವು ಸೆಕೆಂಡ್ ಖಾಲಿ, ಕೊನೆಗೆ ಲೈನ್ ಇಡು. ವಿಟಿಎಕ್ಸ್ ಎಂಬ ಮಾತೇ ಇಲ್ಲ. ಮೋಡೆಮಿಗೆ "ಮಾತಾಡು" ಎಂದು ಯಾರೂ ಹೇಳಿಯೇ ಇರಲಿಲ್ಲ. ಈ ಲಾಗನ್ನು ಮೊದಲ ದಿನವೇ ತೆರೆದಿದ್ದರೆ ಈ ಬರಹ ಇಷ್ಟು ಉದ್ದ ಆಗುತ್ತಿರಲಿಲ್ಲ.

ಮತ್ತೆ ಡಿವೈಸ್ ಮ್ಯಾನೇಜರ್. ಹಳದಿ ಪ್ರಶ್ನಾರ್ಥಕ ಚಿಹ್ನೆ ಇನ್ನೂ ಅಲ್ಲೇ. ಈ ಸಲ ಹೆಸರನ್ನು ಬಲದಿಂದಲ್ಲ, ಎಡದಿಂದ ಓದಿದೆ: ಯೂನಿಮೋಡೆಮ್ ಹಾಫ್-ಡ್ಯೂಪ್ಲೆಕ್ಸ್ ಆಡಿಯೋ ಡಿವೈಸ್.

ಯೂನಿಮೋಡೆಮ್! ಮೋಡೆಮ್ ಅಂತ ಹೆಸರಿನ ಮೊದಲಲ್ಲೇ ಬರೆದಿದೆ. ನಾನು ಮೂರು ದಿನದಿಂದ ಕೊನೆಯ ಎರಡು ಪದ ಮಾತ್ರ ಓದಿಕೊಂಡು ಮದರ್‌ಬೋರ್ಡಿನ ಸೌಂಡ್ ಡ್ರೈವರ್ ಹಾಕುತ್ತಿದ್ದೆ. ಆಗಲೇ ಇನ್ನೊಂದೂ ನೆನಪಾಯಿತು. ಮೊದಲ ದಿನ ಮೋಡೆಮಿನ ಸಿಡಿ ಹಾಕಿದಾಗ ಹೊಸ ಹಾರ್ಡ್‌ವೇರ್ ಸಿಕ್ಕಿದೆ ಎಂಬ ವಿಝಾರ್ಡ್ ಬಂತು, ನೆಕ್ಸ್ಟ್ ನೆಕ್ಸ್ಟ್ ಒತ್ತಿ ಮುಗಿಸಿದೆ. ಮುಗಿದ ಕೂಡಲೇ ಅಂಥದೇ ಇನ್ನೊಂದು ವಿಝಾರ್ಡ್ ಬಂತು. "ಈಗ ತಾನೇ ಮುಗಿಸಿದೆನಲ್ಲ, ಮತ್ತೆ ಯಾಕೆ?" ಅಂತ ಕ್ಯಾನ್ಸಲ್ ಒತ್ತಿದ್ದೆ. ಆ ಎರಡನೆಯದೇ ಧ್ವನಿಯ ಡ್ರೈವರ್. ನಾನೇ ಬಾಗಿಲು ಹಾಕಿ, ನಾನೇ ಹೊರಗೆ ನಿಂತು ಕಿಟಕಿ ಒರೆಸುತ್ತಿದ್ದೆ.

ರಿಪೇರಿಗೆ ಹಿಡಿದದ್ದು ಐದು ನಿಮಿಷ. ಹಳದಿ ಚಿಹ್ನೆಯ ಮೇಲೆ ರೈಟ್ ಕ್ಲಿಕ್, ಅಪ್‌ಡೇಟ್ ಡ್ರೈವರ್. ತಾನಾಗಿ ಹುಡುಕಲು ಬಿಡದೆ ಹ್ಯಾವ್ ಡಿಸ್ಕ್ ಒತ್ತಿ ಮೋಡೆಮ್ ಸಿಡಿಯ ಎಕ್ಸ್‌ಪಿ ಫೋಲ್ಡರ್ ತೋರಿಸಿದೆ. ಹೆಸರು ಆ ಪಟ್ಟಿಯಿಂದ ಎದ್ದು ಸೌಂಡ್, ವಿಡಿಯೋ ಅಂಡ್ ಗೇಮ್ ಕಂಟ್ರೋಲರ್ಸ್ ಪಟ್ಟಿಗೆ ಹೋಗಿ ಕೂತಿತು, ಹಳದಿ ಬಣ್ಣ ಹೋಯಿತು. ಆನ್ಸರಿಂಗ್ ಸಾಫ್ಟ್‌ವೇರಿನ ಸೆಟಿಂಗಿನಲ್ಲಿ ಪ್ಲೇಬ್ಯಾಕ್ ಮತ್ತು ರೆಕಾರ್ಡ್ ಎಂಬ ಎರಡು ಪಟ್ಟಿ ಇದ್ದವು, ಎರಡರಲ್ಲೂ ಈಗ ಈ ಹೆಸರು ಕಾಣಿಸಿತು. ಎರಡರಲ್ಲೂ ಅದನ್ನೇ ಆರಿಸಿದೆ. ಒಂದರಲ್ಲಿ ಆರಿಸಿ ಇನ್ನೊಂದನ್ನು ಮರೆತರೆ ಸ್ವಾಗತ ಲೈನಿಗೆ ಹೋಗುತ್ತದೆ, ರೆಕಾರ್ಡಿಂಗ್ ಮಾತ್ರ ಕೋಣೆಯ ಫ್ಯಾನಿನದೇ ಆಗುತ್ತದೆ.

"ಅಕ್ಕಾ, ಒಂದೇ ಒಂದು ಸಲ."

"ನಾಳೆಯಿಂದ ನಾನು ದುಡ್ಡು ತಗೋತೀನಿ ನೋಡು," ಅಂದು ಕರೆ ಮಾಡಿದಳು. ನಾಲ್ಕು ರಿಂಗ್. ಟಕ್. ಬೀಪ್.

ಬರೀ ಬೀಪ್. ಸ್ವಾಗತದ ಮಾತು ಇಲ್ಲ. ಆದರೆ ಆ ಬೀಪ್ ಅಕ್ಕನ ಕಿವಿಗೆ ಬಿದ್ದಿತ್ತು, ಅವಳು ಮಾತಾಡಿದ್ದು ಫೈಲಿನಲ್ಲಿತ್ತು. ಲಾಗಿನಲ್ಲಿ ಮೊದಲ ಬಾರಿಗೆ ವಿಟಿಎಕ್ಸ್ ಕಾಣಿಸಿತು. ಅಂದರೆ ದಾರಿ ತೆರೆದಿದೆ, ಸ್ವಾಗತದ ಫೈಲು ಮಾತ್ರ ದಾಟುತ್ತಿಲ್ಲ. ಈ ಸಲ ಸಾಫ್ಟ್‌ವೇರ್ ಕೃಪೆ ಮಾಡಿ ತನ್ನ ಲಾಗಿನಲ್ಲಿ ಫಾರ್ಮ್ಯಾಟ್ ಸರಿಯಿಲ್ಲ ಎಂದು ಒಂದು ಸಾಲು ಬರೆದಿತ್ತು.

ಕಾರಣ ನೆನಪಾಗಲು ತಡವಾಗಲಿಲ್ಲ. ಹೊಸ ಮಷೀನಿಗೆ ಬಂದ ಖುಷಿಯಲ್ಲಿ ಸ್ವಾಗತದ ಮಾತನ್ನೂ ಹೊಸದಾಗಿ, "ಒಳ್ಳೇ ಕ್ವಾಲಿಟಿ"ಯಲ್ಲಿ ರೆಕಾರ್ಡ್ ಮಾಡಿದ್ದೆ. 44.1 ಕಿಲೋಹರ್ಟ್ಜ್ (ಸೆಕೆಂಡಿಗೆ 44,100 ಸ್ಯಾಂಪಲ್), ಸ್ಟೀರಿಯೋ, ಸಿಡಿಯ ಗುಣಮಟ್ಟ. ಸೌಂಡ್ ಕಾರ್ಡಿಗೆ ಅದು ಪಂಚಾಮೃತ. ಮೋಡೆಮಿನ ಆಡಿಯೋ ಡಿವೈಸ್ ಅದನ್ನು ಮುಟ್ಟುವುದೂ ಇಲ್ಲ, ಅದಕ್ಕೆ ಬೇಕಾದದ್ದು 8 ಕಿಲೋಹರ್ಟ್ಜ್, 16 ಬಿಟ್, ಮೋನೋ. ಟೆಲಿಫೋನ್ ಲೈನು ಸಾಗಿಸುವುದೇ 300ರಿಂದ 3400 ಹರ್ಟ್ಜ್‌ವರೆಗಿನ ಧ್ವನಿಯನ್ನು. ಅಷ್ಟನ್ನು ಹಿಡಿಯಲು ಸೆಕೆಂಡಿಗೆ 8000 ಸ್ಯಾಂಪಲ್ ಸಾಕು. ಹೆಚ್ಚು ಕೊಟ್ಟರೂ ಅದು ಆಚೆ ದಡಕ್ಕೆ ಹೋಗುವುದಿಲ್ಲ.

ಎಕ್ಸ್‌ಪಿಯ ಸೌಂಡ್ ರೆಕಾರ್ಡರಿನಲ್ಲೇ ಇದಕ್ಕೆ ಮದ್ದಿದೆ. ಫೈಲ್ ತೆರೆದು, ಸೇವ್ ಆ್ಯಸ್ ಒತ್ತಿ, ಕೆಳಗಿನ ಚೇಂಜ್ ಬಟನ್ ಒತ್ತಿದರೆ ಫಾರ್ಮ್ಯಾಟುಗಳ ಪಟ್ಟಿ ಬರುತ್ತದೆ. ಪಿಸಿಎಂ, 8.000 ಕಿಲೋಹರ್ಟ್ಜ್, 16 ಬಿಟ್, ಮೋನೋ. ಪಕ್ಕದಲ್ಲೇ ಸೆಕೆಂಡಿಗೆ 15 ಕೆಬಿ ಎಂದು ಬರೆದಿರುವ ಸಾಲು. ಅದನ್ನು ಆರಿಸಿ ಉಳಿಸಿದೆ. ಈಗ ಸ್ವಾಗತದ ಮಾತು ಅಕ್ಕನಿಗೆ ಕೇಳಿಸಿತು. ಕೇಳಿಸಿಕೊಂಡು ಅವಳಿಗೆ ಅವಳ ಧ್ವನಿಯೇ ಹಿಡಿಸಲಿಲ್ಲ. "ಶನಿವಾರ ಅಂದಿದ್ದು ಹನಿವಾರ ಅಂತ ಕೇಳುತ್ತೆ," ಅಂದಳು. ಅದಕ್ಕೆ ಡ್ರೈವರ್ ಏನೂ ಮಾಡಲಾರದು. ಸ, ಶ, ಫ ಇವುಗಳ ಸುಯ್ ಅನ್ನುವ ಸದ್ದಿನಲ್ಲಿ ಸಾಕಷ್ಟು ಪಾಲು 3400 ಹರ್ಟ್ಜ್‌ನ ಮೇಲೇ ಇರುತ್ತದೆ, ಫೋನು ಅದನ್ನು ಕತ್ತರಿಸಿ ಬಿಸಾಡುತ್ತದೆ. ಬಾಯಿಗೆ ತೀರ ಹತ್ತಿರ ಮೈಕ್ ಹಿಡಿದು ಜೋರಾಗಿ ಹೇಳಿದ್ದರಿಂದ ಧ್ವನಿ ಒಡೆದಿತ್ತು ಕೂಡ. ಮೈಕ್ ದೂರ ಇಟ್ಟು, ನಿಧಾನವಾಗಿ, ನೇರ 8 ಕಿಲೋಹರ್ಟ್ಜ್‌ನಲ್ಲೇ ಮತ್ತೆ ರೆಕಾರ್ಡ್ ಮಾಡಿದಳು. ಶನಿವಾರ ವಾಪಸು ಬಂತು.

ಇಲ್ಲಿಗೆ ಮುಗಿಯಬೇಕಿತ್ತು. ನಾಲ್ಕನೆಯ ಸಂಜೆ ಆ ದಿನದ ಮೆಸೇಜುಗಳನ್ನು ಕೇಳುತ್ತ ಕೂತರೆ ಪ್ರತಿಯೊಂದರಲ್ಲೂ ಟಿಕ್, ಟಿಕ್, ಟಿಟಿಕ್. ಯಾರೋ ಮಾತಿನ ನಡುವೆ ಹುರಿಗಡಲೆ ಅಗಿಯುತ್ತಿರುವ ಹಾಗೆ. ಕೆಲವು ಕಡೆ ಅಕ್ಷರಗಳೇ ಹಾರಿಹೋಗಿದ್ದವು, ಒಬ್ಬರು ಹೇಳಿದ ಫೋನ್ ನಂಬರಿನಲ್ಲಿ ಒಂಬತ್ತೇ ಅಂಕಿ ಕೇಳಿಸಿತು. ಲೈನಿನ ಗಲಾಟೆ ಅನ್ನೋಣ ಅಂದರೆ, ಅಕ್ಕ ಅದೇ ಲೈನಿನಲ್ಲಿ ಮಾತಾಡಿದಾಗ ಒಂದು ಟಿಕ್ಕೂ ಇಲ್ಲ. ಆಚೆಯವರಿಗೆ ಕೇಳಿಸುವ ಸ್ವಾಗತದ ಮಾತೂ ನುಣ್ಣಗೇ ಇತ್ತು. ಒಳಗೆ ಬರುವ ಧ್ವನಿಗೆ ಮಾತ್ರ ಈ ರೋಗ. ಗಮನಿಸಿದರೆ ಕಂಪ್ಯೂಟರಿನಲ್ಲಿ ಬೇರೆ ಕೆಲಸ ನಡೆಯುವಾಗ, ದೊಡ್ಡ ಫೈಲು ಕಾಪಿ ಆಗುವಾಗ, ಟಿಕ್ಕುಗಳ ಸುರಿಮಳೆ.

ಹೊರಗೆ ಹೋಗುವುದು ಸರಿ, ಒಳಗೆ ಬರುವುದು ಕೆಟ್ಟದ್ದು. ಈ ವ್ಯತ್ಯಾಸವೇ ಸುಳಿವು ಎಂದು ತಿಳಿಯಲು ಒಂದು ಗಂಟೆ ಹಿಡಿಯಿತು. ಕಂಪ್ಯೂಟರ್ ಧ್ವನಿ ಕಳಿಸುವಾಗ ಒಂದು ಕ್ಷಣ ತಡಮಾಡಿದರೆ ಮೋಡೆಮ್ ತನ್ನ ಬಫರಿನಲ್ಲಿ ಇರುವುದನ್ನು ನುಡಿಸುತ್ತ ಸುಧಾರಿಸಿಕೊಳ್ಳುತ್ತದೆ. ಆದರೆ ಮೋಡೆಮ್ ಕಳಿಸುವಾಗ ಕಂಪ್ಯೂಟರ್ ತಡಮಾಡಿದರೆ ಬಂದ ಬೈಟ್ ಬಿದ್ದುಹೋಗುತ್ತದೆ. ಮತ್ತೆ ಬರುವುದಿಲ್ಲ.

ಲೆಕ್ಕ ಹಾಕಿ ನೋಡಿದೆ. ಪೋರ್ಟಿನ ವೇಗ ಸೆಕೆಂಡಿಗೆ 115,200 ಬಿಟ್. ಒಂದು ಬೈಟಿಗೆ ಆರಂಭದ ಬಿಟ್, ಕೊನೆಯ ಬಿಟ್ ಸೇರಿ ಹತ್ತು ಬಿಟ್. ಹಾಗಾದರೆ ಸೆಕೆಂಡಿಗೆ ಹೆಚ್ಚೆಂದರೆ 11,520 ಬೈಟ್, ಒಂದು ಬೈಟ್ ಬಂದು ಮುಗಿಯಲು ಸುಮಾರು 87 ಮೈಕ್ರೋಸೆಕೆಂಡ್. (16 ಬಿಟ್ ಧ್ವನಿಗೆ ಸೆಕೆಂಡಿಗೆ 16,000 ಬೈಟ್ ಬೇಕು, ಅದು ಈ ಕೇಬಲಿನಲ್ಲಿ ಹಿಡಿಸುವುದೇ ಇಲ್ಲ. ಅದಕ್ಕೇ ಮೋಡೆಮ್ ಮತ್ತು ಅದರ ಡ್ರೈವರ್ ತಮ್ಮೊಳಗೆ 8 ಬಿಟ್ಟಿಗೋ 4 ಬಿಟ್ಟಿಗೋ ಇಳಿಸಿಕೊಂಡು ಮಾತಾಡಿಕೊಳ್ಳುತ್ತವೆ.) ಸೀರಿಯಲ್ ಪೋರ್ಟಿನ 16550 ಚಿಪ್ಪಿನಲ್ಲಿ ಹದಿನಾರು ಬೈಟ್ ಹಿಡಿಯುವ ಒಂದು ಸಾಲುಮನೆ ಇದೆ. ಬಂದವರು ಅಲ್ಲಿ ಸಾಲಾಗಿ ಕೂರುತ್ತಾರೆ, ಕಂಪ್ಯೂಟರ್ ಬಿಡುವಾದಾಗ ಬಂದು ಒಟ್ಟಿಗೆ ಕರೆದುಕೊಂಡು ಹೋಗುತ್ತದೆ. ಹದಿನಾರು ಬೈಟ್ ಅಂದರೆ ಒಂದೂಕಾಲು ಮಿಲಿಸೆಕೆಂಡಿಗೂ ಹೆಚ್ಚಿನ ಪುರುಸೊತ್ತು. ಆ ಸಾಲುಮನೆ ಇಲ್ಲದಿದ್ದರೆ ಪ್ರತಿ ಬೈಟಿಗೂ ಓಡಿಬರಬೇಕು, ಮುಂದಿನದು ಬಂದು ಮುಗಿಯುವುದರೊಳಗೆ ಹಿಂದಿನದನ್ನು ಎತ್ತಬೇಕು. ಡಿಸ್ಕಿನ ಕೆಲಸದಲ್ಲಿ ಮುಳುಗಿರುವ ಕಂಪ್ಯೂಟರಿಗೆ ಅದು ಆಗುವ ಮಾತಲ್ಲ.

ಆ ಸಾಲುಮನೆಯ ಹೆಸರೇ ಫಿಫೋ ಬಫರ್. ಮೊದಲ ಸಂಜೆ ನಾನು ಟಿಕ್ ತೆಗೆದಿದ್ದೆನಲ್ಲ, ಅದು.

ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಟಿಕ್ ವಾಪಸು ಹಾಕಿದೆ.  ರೀಸ್ಟಾರ್ಟ್. ಬೇಕೆಂದೇ ಒಂದು ದೊಡ್ಡ ಫೋಲ್ಡರ್ ಕಾಪಿ ಮಾಡಲು ಬಿಟ್ಟು, ಮೊಬೈಲಿನಿಂದ ಕರೆ ಮಾಡಿ ಒಂದರಿಂದ ಐವತ್ತರವರೆಗೆ ಎಣಿಸಿದೆ. ಫೈಲು ತೆರೆದು ಕೇಳಿದರೆ ಐವತ್ತೂ ಇದ್ದವು, ಹುರಿಗಡಲೆ ಇರಲಿಲ್ಲ. ಆಮೇಲೆ ಆ ಸಂಜೆಯ ಉಳಿದ ಪ್ರತಾಪಗಳನ್ನೂ ನೆನಪು ಮಾಡಿಕೊಂಡು ಒಂದೊಂದಾಗಿ ಹಿಂದಕ್ಕೆ ತಿರುಗಿಸಿದೆ. ಹಾರ್ಡ್‌ವೇರ್ ಆಕ್ಸಿಲರೇಷನ್ ಮೊದಲು ಎಲ್ಲಿತ್ತೋ ಏನೋ, ಅಂದಾಜಿಗೆ ಪೂರ್ತಿ ಬಲಕ್ಕೆ ತಳ್ಳಿದೆ. ಮೋಡೆಮಿನ ಬೆನ್ನಿಗೆ ಒಂದು ಚೀಟಿ ಅಂಟಿಸಿದೆ: "ಕಾಮ್ 1. ಫಿಫೋ ಆನ್. 8 ಕಿಲೋಹರ್ಟ್ಜ್, 16 ಬಿಟ್, ಮೋನೋ. ವಿಝಾರ್ಡ್ ಎರಡು ಸಲ ಬರುತ್ತದೆ."

ಒಂದು ತೊಂದರೆ ಮಾತ್ರ ಹೋಗಲಿಲ್ಲ. ಹಳೆಯ ಮಷೀನಿನಲ್ಲೂ ಅದು ಇತ್ತಂತೆ, ಅಕ್ಕ ಹೇಳಿದ ಮೇಲೆ ಗೊತ್ತಾಯಿತು. ಬೀಪ್ ಆದ ಕೂಡಲೇ ಮಾತು ಶುರುಮಾಡಿದವರ ಮೊದಲ ಅಕ್ಷರ ಫೈಲಿನಲ್ಲಿ ಇರುವುದಿಲ್ಲ. ನಮಸ್ಕಾರ ಅಂದವರು ಮಸ್ಕಾರ ಆಗುತ್ತಾರೆ, ಹಲೋ ಅಂದವರು ಲೋ. ಡ್ರೈವರಿನ ಹೆಸರಿನಲ್ಲೇ ಕಾರಣವಿದೆ, ಹಾಫ್-ಡ್ಯೂಪ್ಲೆಕ್ಸ್. ಒಂದು ಹೊತ್ತಿಗೆ ಮಾತಾಡಬಲ್ಲದು, ಇಲ್ಲವೇ ಕೇಳಬಲ್ಲದು, ಎರಡೂ ಒಟ್ಟಿಗಿಲ್ಲ. ಬೀಪ್ ನಿಲ್ಲಿಸಿ, ಮೋಡೆಮಿಗೆ ಈಗ ಕೇಳಿಸಿಕೋ ಎಂದು ಹೇಳಿ, ಅದು ಕಿವಿ ತೆರೆಯುವಷ್ಟರಲ್ಲಿ ಅರ್ಧ ಸೆಕೆಂಡ್ ಕಳೆದಿರುತ್ತದೆ. ಸಾಫ್ಟ್‌ವೇರಿನ ಸೆಟಿಂಗ್‌ಗಳಲ್ಲೆಲ್ಲ ತಡಕಾಡಿದೆ, ಅದಕ್ಕೆ ಗುಂಡಿಯೇ ಇಲ್ಲ.

"ಬಿಡು, ನೀನು ಇನ್ನು ಏನನ್ನೂ ಮುಟ್ಟಬೇಡ," ಅಂದಳು ಅಕ್ಕ. ಸೌಂಡ್ ರೆಕಾರ್ಡರ್ ತೆರೆದು, ಸ್ವಾಗತದ ಕೊನೆಯ ಸಾಲನ್ನು ಬದಲಾಯಿಸಿ ತಾನೇ ಮತ್ತೊಮ್ಮೆ ಹೇಳಿದಳು: "ಬೀಪ್ ಆದ ಮೇಲೆ ಒಂದು ಉಸಿರು ತಗೊಂಡು ಮಾತಾಡಿ."